ರಾಜಕಾರಣಿ ಜಡ್ಜ್ ಆದರೆ ನ್ಯಾಯ ಸಿಗುತ್ತದಾ?

ಅಮೆರಿಕದ ಕೋರ್ಟುಗಳ ಬಗ್ಗೆ ಬರೆದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. “ಅಲ್ಲಿ ಪಕ್ಷದ ಟಿಕೆಟ್‌ನಲ್ಲಿ ಚುನಾವಣೆ ಗೆದ್ದವರು ಮರುವರ್ಷವೇ ಜಡ್ಜ್ ಆಗ್ತಾರಂತೆ. ಅಂಥವರು ಪಕ್ಷಪಾತ ಮಾಡೋದಿಲ್ಲ ಅಂತ ಹೇಗೆ ನಂಬೋದು?” ಕೇಳಬೇಕಾದ ಪ್ರಶ್ನೆಯೇ. ಬಾವುಟ ಹಿಡಿದ ಕೈಗೆ ತಕ್ಕಡಿ ಕೊಟ್ಟರೆ ಯಾರಿಗಾದರೂ ಅನುಮಾನ ಬರುತ್ತದೆ.

ಜಡ್ಜ್ ಆಗುವ ಮೊದಲು ಅವರು ಏನಾಗಿದ್ದರು ಅಂತ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಕುರ್ಚಿಯಲ್ಲಿ ಕೂತ ಮೇಲೆ ಯಾರ ಹಂಗಿನಲ್ಲಿದ್ದಾರೆ ಅಂತ ನೋಡುತ್ತೇನೆ. ಸುಮ್ನೆ ಹೀಗೆ ಹೇಳಿದರೆ ಯಾರೂ ಒಪ್ಪುವುದಿಲ್ಲ. ಅದಕ್ಕೇ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಅವರ ಬದುಕನ್ನು ಮುಂದಿಡುತ್ತೇನೆ.

ಮಾಟ್ಲಿ ಹುಟ್ಟಿದ್ದು 1921ರಲ್ಲಿ, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ಅಪ್ಪ ಅಮ್ಮ ಕೆರಿಬಿಯನ್ ಕಡಲಿನ ನೆವಿಸ್ ದ್ವೀಪದಿಂದ ಬಂದ ಕಪ್ಪು ಜನ. ಅಪ್ಪ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘಗಳಿಗೆ ಅಡುಗೆ ಮಾಡುತ್ತಿದ್ದರು. ಹುಡುಗಿಗೆ ಲಾಯರ್ ಆಗುವ ಆಸೆ, ಮನೆಯಲ್ಲಿ ದುಡ್ಡಿಲ್ಲ. ಊರಿನ ಒಂದು ಸಭೆಯಲ್ಲಿ ಆಕೆ ಮಾತಾಡಿದ್ದನ್ನು ಕೇಳಿದ ಕ್ಲಾರೆನ್ಸ್ ಬ್ಲೇಕ್ಸ್‌ಲೀ ಎಂಬ ಶ್ರೀಮಂತರು ಓದಿನ ಖರ್ಚನ್ನೆಲ್ಲ ತಾವೇ ವಹಿಸಿಕೊಂಡರು. 1946ರಲ್ಲಿ ಕೊಲಂಬಿಯಾದಲ್ಲಿ ಕಾನೂನು ಪದವಿ ಸಿಕ್ಕಿತು. ಅಷ್ಟರಲ್ಲಾಗಲೇ ಅವರು ಲಾಯರ್ ಥರ್ಗುಡ್ ಮಾರ್ಷಲ್ ನಡೆಸುತ್ತಿದ್ದ, ಕಪ್ಪು ಜನರ ಹಕ್ಕಿಗಾಗಿ ಕೋರ್ಟಿನಲ್ಲಿ ಹೋರಾಡುವ ಎನ್‌ಎಎಸಿಪಿ ಕಾನೂನು ನಿಧಿಯಲ್ಲಿ ಕೆಲಸಕ್ಕೆ ಸೇರಿದ್ದರು.

ಅಲ್ಲಿ ಇಪ್ಪತ್ತು ವರ್ಷದ ಹತ್ತಿರ ದುಡಿದರು. ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಕೂರಿಸುವುದು ತಪ್ಪು ಅಂತ 1954ರಲ್ಲಿ ತೀರ್ಪು ಬಂದ ಬ್ರೌನ್ ಮೊಕದ್ದಮೆಯ ದಾವೆ ಬರೆದವರಲ್ಲಿ ಅವರೂ ಒಬ್ಬರು. 1962ರಲ್ಲಿ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ವಿದ್ಯಾರ್ಥಿಗೆ ಮಿಸಿಸಿಪಿ ವಿಶ್ವವಿದ್ಯಾಲಯದ ಬಾಗಿಲು ತೆರೆಸಿದರು. ಸುಪ್ರೀಂ ಕೋರ್ಟಿನಲ್ಲಿ ಹತ್ತು ಕೇಸು ವಾದಿಸಿ ಒಂಬತ್ತು ಗೆದ್ದರು.

ಆಮೇಲೆ ರಾಜಕೀಯ. 1964ರಲ್ಲಿ ಡೆಮಾಕ್ರಾಟಿಕ್ ಪಕ್ಷದಿಂದ ನ್ಯೂಯಾರ್ಕ್ ರಾಜ್ಯದ ಸೆನೆಟ್‌ಗೆ ಆಯ್ಕೆಯಾದರು. ಆ ಸದನಕ್ಕೆ ಬಂದ ಮೊದಲ ಕಪ್ಪು ಮಹಿಳೆ. ಮರುವರ್ಷ ಮ್ಯಾನ್‌ಹಟನ್‌ನ ಬರೋ ಅಧ್ಯಕ್ಷೆ. ನ್ಯೂಯಾರ್ಕ್ ನಗರದಲ್ಲಿ ಐದು ಬರೋಗಳು, ಅಂದರೆ ಆಡಳಿತದ ಭಾಗಗಳು, ಇವೆ. ನಗರದ ಬಜೆಟ್ಟು, ಜಾಗ, ಗುತ್ತಿಗೆ ಎಲ್ಲ ತೀರ್ಮಾನವಾಗುತ್ತಿದ್ದ ಮಂಡಳಿಯಲ್ಲಿ ಆಗ ಈ ಐದೂ ಅಧ್ಯಕ್ಷರಿಗೆ ಮತ ಇತ್ತು. ಹಾಗಾಗಿ ಇದು ಹೆಸರಿಗಷ್ಟೇ ಇದ್ದ ಹುದ್ದೆ ಅಲ್ಲ. ಹಾರ್ಲೆಮ್ ಮತ್ತು ಪೂರ್ವ ಹಾರ್ಲೆಮ್ ಬಡಾವಣೆಗಳನ್ನು ಎತ್ತಿ ನಿಲ್ಲಿಸಲು ಮಾಟ್ಲಿ ಏಳು ಅಂಶಗಳ ಯೋಜನೆ ಮಾಡಿದರು. ಮೊದಲು ನಗರಸಭೆಯ ಸದಸ್ಯರು ಅವರನ್ನು ಖಾಲಿ ಸ್ಥಾನಕ್ಕೆ ಆರಿಸಿದ್ದರು. ಅದೇ ನವೆಂಬರಿನಲ್ಲಿ ಚುನಾವಣೆಗೆ ನಿಂತಾಗ ಡೆಮಾಕ್ರಾಟ್, ರಿಪಬ್ಲಿಕನ್, ಲಿಬರಲ್ ಮೂರೂ ಪಕ್ಷಗಳು ಬೆಂಬಲ ಕೊಟ್ಟವು.

1966ರ ಜನವರಿಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರನ್ನು ನ್ಯೂಯಾರ್ಕಿನ ದಕ್ಷಿಣ ಜಿಲ್ಲೆಯ ಫೆಡರಲ್ (ಕೇಂದ್ರದ) ಕೋರ್ಟಿಗೆ ಜಡ್ಜ್ ಆಗಿ ಹೆಸರಿಸಿದರು. ದೇಶದ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕಿತ್ತು. ಅಲ್ಲಿ ನ್ಯಾಯ ಸಮಿತಿಯ ಅಧ್ಯಕ್ಷರಾಗಿದ್ದವರು ಮಿಸಿಸಿಪಿಯ ಜೇಮ್ಸ್ ಈಸ್ಟ್‌ಲ್ಯಾಂಡ್, ಬಿಳಿಯರು ಕರಿಯರು ಬೇರೆಯಾಗಿಯೇ ಇರಬೇಕು ಅಂತ ಹಟ ಹಿಡಿದವರು. ತಮ್ಮ ರಾಜ್ಯದ ವಿಶ್ವವಿದ್ಯಾಲಯದೊಳಗೆ ಮೆರೆಡಿತ್‌ನನ್ನು ನುಗ್ಗಿಸಿದ ಲಾಯರನ್ನು ಅವರು ಸುಲಭಕ್ಕೆ ಬಿಡುತ್ತಾರಾ? ತಿಂಗಳುಗಟ್ಟಲೆ ತಡೆದರು. ಆಗಸ್ಟ್ 30ಕ್ಕೆ ಒಪ್ಪಿಗೆ ಸಿಕ್ಕಿತು. ಅಮೆರಿಕದ ಫೆಡರಲ್ ಕೋರ್ಟಿನ ಪೀಠ ಏರಿದ ಮೊದಲ ಕಪ್ಪು ಮಹಿಳೆ ಆಕೆ.

ನೀವು ಕೇಳುವ ಪ್ರಶ್ನೆಯನ್ನು ಅವರ ಮುಖಕ್ಕೇ ಕೇಳಿದವರಿದ್ದಾರೆ. ಸಲಿವನ್ ಅಂಡ್ ಕ್ರಾಮ್‌ವೆಲ್ ಅಂತ ವಾಲ್ ಸ್ಟ್ರೀಟಿನ ಭಾರೀ ದೊಡ್ಡ ವಕೀಲರ ಕಂಪನಿ. ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ತಾರತಮ್ಯ ಮಾಡುತ್ತದೆ ಅಂತ ಅದರ ಮೇಲೆ ದಾವೆ ಬಿತ್ತು. ಕೇಸು ಮಾಟ್ಲಿ ಅವರ ಪಾಲಿಗೆ ಬಂತು. ಕಂಪನಿ ತಕರಾರು ಎತ್ತಿತು: ಈ ಜಡ್ಜ್ ಹೆಂಗಸು, ಇಷ್ಟು ವರ್ಷ ತಾರತಮ್ಯಕ್ಕೆ ಒಳಗಾದವರ ಪರ ವಾದಿಸಿದವರು, ಹಾಗಾಗಿ ಕೇಸು ಬಿಟ್ಟುಕೊಡಬೇಕು.

1975ರಲ್ಲಿ ಮಾಟ್ಲಿ ಕೊಟ್ಟ ಉತ್ತರ ಚಿಕ್ಕದು. ಹೌದು, ನಾನು ಕಪ್ಪು ಜನರ ಪರ ದುಡಿದಿದ್ದೇನೆ. ಹೌದು, ನಾನು ಹೆಂಗಸು, ಮೊದಲು ಲಾಯರ್ ಆಗಿದ್ದೆ. ಆದರೆ ಹಿನ್ನೆಲೆ, ಲಿಂಗ, ಬಣ್ಣ ನೋಡಿ ಜಡ್ಜನ್ನು ತೆಗೆಯುವುದಾದರೆ ಈ ಕೋರ್ಟಿನ ಒಬ್ಬ ಜಡ್ಜೂ ಈ ಕೇಸು ಕೇಳುವ ಹಾಗಿಲ್ಲ. ಯಾಕೆಂದರೆ ಎಲ್ಲರೂ ಒಂದು ಕಾಲಕ್ಕೆ ಲಾಯರ್ ಆಗಿದ್ದವರೇ, ಎಲ್ಲರಿಗೂ ಒಂದು ಲಿಂಗ ಇದ್ದೇ ಇದೆ. ಅಷ್ಟೇ. ಅವರು ಕೇಸು ಬಿಡಲಿಲ್ಲ. 1977ರಲ್ಲಿ ಅದು ರಾಜಿಯಲ್ಲಿ ಮುಗಿಯಿತು.

ನನಗೆ ಈ ಉತ್ತರ ಯಾಕೆ ಇಷ್ಟ ಅಂದರೆ, ಅದು ತಕರಾರು ಎತ್ತಿದವರ ಕಡೆಗೂ ಬೆರಳು ತೋರಿಸುತ್ತದೆ. ದೊಡ್ಡ ಕಂಪನಿಗಳಿಗೆ ವಕಾಲತ್ತು ಮಾಡಿ ಪೀಠಕ್ಕೆ ಬಂದ ಬಿಳಿ ಗಂಡಸರನ್ನು ಯಾರೂ ಹೀಗೆ ಕೇಳುತ್ತಿರಲಿಲ್ಲ. ಅವರ ಹಿನ್ನೆಲೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಅಲ್ವಾ?

ಅಂದಮಾತ್ರಕ್ಕೆ ಮಾಟ್ಲಿ ಹೇಳಿದ್ದೇ ಕೊನೆಯ ಮಾತು ಆಗುತ್ತಿರಲಿಲ್ಲ. ಮಾರ್ಟಿನ್ ಸಾಸ್ಟ್ರೆ ಎಂಬ ಕೈದಿಯನ್ನು ನ್ಯೂಯಾರ್ಕಿನ ಜೈಲಿನವರು 372 ದಿನ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. 1970ರಲ್ಲಿ ಮಾಟ್ಲಿ ಆತನಿಗೆ 13,020 ಡಾಲರ್ ಕೊಡಿಸಿದರು. ಲೆಕ್ಕ ಹೀಗೆ: ದಿನಕ್ಕೆ 25 ಡಾಲರ್ ನಷ್ಟ ಪರಿಹಾರ, ಅದರ ಮೇಲೆ ದಿನಕ್ಕೆ 10 ಡಾಲರ್ ದಂಡ. ಮರುವರ್ಷ ಮೇಲ್ಮನವಿ ಕೋರ್ಟು ಪರಿಹಾರವನ್ನು ಉಳಿಸಿ ದಂಡವನ್ನು ತೆಗೆದುಹಾಕಿತು. ಅಂಥ ಒಂಟಿ ಸೆರೆಯೇ ಸಂವಿಧಾನಕ್ಕೆ ವಿರುದ್ಧ ಅನ್ನುವ ಅವರ ಮಾತನ್ನೂ ಒಪ್ಪಲಿಲ್ಲ. ನನ್ನ ಮಟ್ಟಿಗೆ ಮಾಟ್ಲಿ ಹೇಳಿದ್ದೇ ಸರಿ. ಆದರೂ ಜಡ್ಜ್ ಬರೆದ ಒಂದೊಂದು ಕಾರಣವನ್ನೂ ಇನ್ನೊಂದು ಪೀಠ ಬಿಡಿಸಿ ನೋಡಿತು. ರಾಜಕೀಯದಿಂದ ಬಂದವರಿಗೂ ಬರದವರಿಗೂ ಇದು ಒಂದೇ ಥರ.

ನಮ್ಮಲ್ಲೂ ಇದು ನಡೆದಿದೆ. ಕೆ.ಎಸ್. ಹೆಗ್ಡೆಯವರು ರಾಜ್ಯಸಭೆಯ ಸದಸ್ಯರಾಗಿದ್ದವರು, 1957ರಲ್ಲಿ ಮೈಸೂರು ಹೈಕೋರ್ಟಿನ ಜಡ್ಜ್ ಆದರು, ಆಮೇಲೆ ಸುಪ್ರೀಂ ಕೋರ್ಟಿಗೆ ಹೋದರು. ಅವರನ್ನು ಸಂಸತ್ತಿಗೆ ಕಳಿಸಿದ್ದು ಕಾಂಗ್ರೆಸ್. 1973ರಲ್ಲಿ, ಸಂವಿಧಾನ ತಿದ್ದಲು ಸಂಸತ್ತಿಗೆ ಎಷ್ಟು ಅಧಿಕಾರ ಅನ್ನುವ ಕೇಶವಾನಂದ ಭಾರತಿ ಕೇಸಿನಲ್ಲಿ, ಅವರ ತೀರ್ಪು ಅದೇ ಕಾಂಗ್ರೆಸ್ ಸರ್ಕಾರಕ್ಕೆ ಹಿಡಿಸಲಿಲ್ಲ. ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ಅವರನ್ನು ದಾಟಿ ಕಿರಿಯರನ್ನು ತಂದರು. ಹೆಗ್ಡೆಯವರು ರಾಜೀನಾಮೆ ಕೊಟ್ಟು ಹೊರಬಂದರು. ಅವರು ಹಳೆಯ ಪಕ್ಷದ ಹಂಗಿನಲ್ಲಿದ್ದರು ಅಂತ ಹೇಳಲು ಯಾರಿಗಾದರೂ ಬಾಯಿ ಬರುತ್ತದಾ?

ಅಮೆರಿಕದ ಫೆಡರಲ್ ಜಡ್ಜ್‌ಗಳಿಗೆ ಜೀವನಪೂರ್ತಿ ಹುದ್ದೆ. ಮತ್ತೆ ಟಿಕೆಟ್ ಕೇಳಬೇಕಿಲ್ಲ, ಯಾರ ಮನೆ ಬಾಗಿಲಿಗೂ ಹೋಗಬೇಕಿಲ್ಲ. ಮಾಟ್ಲಿ 1982ರಿಂದ 1986ರವರೆಗೆ ಆ ಕೋರ್ಟಿನ ಮುಖ್ಯ ಜಡ್ಜ್ ಆಗಿದ್ದರು. 2005ರಲ್ಲಿ ತೀರಿಕೊಳ್ಳುವ ತನಕ ಹಿರಿಯ ಜಡ್ಜ್ ಆಗಿ ಉಳಿದರು.

ನನಗೆ ನಿಜವಾಗಿ ಭಯ ಆಗುವುದು ಬೇರೆ ಕಡೆ. ಹಲವು ರಾಜ್ಯಗಳ ಕೋರ್ಟಿನಲ್ಲಿ ಜಡ್ಜ್‌ಗಳೇ ಓಟು ಕೇಳುತ್ತಾರೆ, ಪ್ರಚಾರಕ್ಕೆ ದೇಣಿಗೆ ಎತ್ತುತ್ತಾರೆ. ಟೆಕ್ಸಾಸ್, ಅಲಬಾಮದಲ್ಲಿ ಮತಪತ್ರದಲ್ಲಿ ಪಕ್ಷದ ಹೆಸರೂ ಇರುತ್ತದೆ. ವೆಸ್ಟ್ ವರ್ಜೀನಿಯಾದಲ್ಲಿ ಒಂದು ಕಲ್ಲಿದ್ದಲು ಕಂಪನಿಯ ವಿರುದ್ಧ 5 ಕೋಟಿ ಡಾಲರಿನ ತೀರ್ಪು ಬಂದಿತ್ತು. ಮೇಲ್ಮನವಿ ಹೋಗುವ ಮೊದಲೇ, 2004ರಲ್ಲಿ, ಅದರ ಮುಖ್ಯಸ್ಥರು ಸುಮಾರು 30 ಲಕ್ಷ ಡಾಲರ್ ಸುರಿದು ರಾಜ್ಯದ ಸುಪ್ರೀಂ ಕೋರ್ಟಿಗೆ ಒಬ್ಬ ಜಡ್ಜ್ ಗೆಲ್ಲಲು ನೆರವಾದರು. ಮುಂದೆ ಕಂಪನಿ 3–2ರಲ್ಲಿ ಗೆದ್ದಿತು. ಆ ಮೂವರಲ್ಲಿ ಈ ಜಡ್ಜ್ ಕೂಡ ಒಬ್ಬರು. ಅವರು ಆ ಕೇಸಿನಿಂದ ದೂರ ಇರಬೇಕಿತ್ತು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಅದೂ 5–4ರಲ್ಲಿ. ಹೀಗೆ ದಾರಿ ತೆರೆದರೆ ಕಂಡ ಕಂಡ ಜಡ್ಜ್ ಮೇಲೆಲ್ಲ ತಕರಾರು ಬರುತ್ತದೆ ಅನ್ನುವುದು ಉಳಿದ ನಾಲ್ವರ ಅಳುಕು. ನಾನು ಆ ಐವರ ಕಡೆ.