‘ಮೂರು ಮಕ್ಕಳು ಮಾಡ್ಕೋಬಹುದಲ್ವಾ, ಮತ್ಯಾಕೆ ಒಂದೇ?’

ಚೀನಾದ ಚೆಂಗ್ದು ನಗರದಲ್ಲಿ ಆರು ವರ್ಷ ಇದ್ದು ಬಂದವಳು ನಾನು. ಊರು ಶಿರಸಿ. ವಾಪಸ್ ಬಂದ ಮೇಲೆ ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಮಗನ ಶಾಲೆಯ ಗೇಟಿನ ಹತ್ತಿರ, ಎಲ್ಲ ಕಡೆ ನನಗೆ ಬರುವ ಪ್ರಶ್ನೆ ಒಂದೇ. "ಈಗ ಅಲ್ಲಿ ಮೂರು ಮಕ್ಕಳು ಮಾಡ್ಕೋಬಹುದಂತಲ್ಲ, ಮತ್ಯಾಕೆ ಜನ ಒಂದಕ್ಕೇ ನಿಲ್ಲಿಸ್ತಾರೆ? ಅವರಿಗೆ ಸಂಸಾರ ಅಂದ್ರೆ ಬೇಡವಾಗಿದ್ಯಾ?"

ಪ್ರಶ್ನೆಯ ಮೊದಲ ಅರ್ಧ ಸರಿಯಾಗಿಯೇ ಇದೆ. 1980ರಲ್ಲಿ ಶುರುವಾದ ಒಂದೇ ಮಗುವಿನ ನಿಯಮ 2016ರಲ್ಲಿ ಹೋಯಿತು, ಎರಡು ಮಕ್ಕಳಿಗೆ ಒಪ್ಪಿಗೆ ಸಿಕ್ಕಿತು. 2021ರಲ್ಲಿ ಅದು ಮೂರಾಯಿತು. ಆದರೆ ಮಕ್ಕಳು ಜಾಸ್ತಿ ಆಗಲಿಲ್ಲ. 2016ರಲ್ಲಿ 1 ಕೋಟಿ 78 ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದರು. 2023ರಲ್ಲಿ ಹುಟ್ಟಿದ್ದು ಸುಮಾರು 90 ಲಕ್ಷ. ಏಳು ವರ್ಷದಲ್ಲಿ ಅರ್ಧಕ್ಕೆ ಇಳಿಯಿತು. ಮದುವೆಗಳೂ ಹಾಗೇ. 2013ರಲ್ಲಿ 1 ಕೋಟಿ 34 ಲಕ್ಷ ಜೋಡಿಗಳು ನೋಂದಣಿ ಮಾಡಿಸಿದ್ದರೆ, 2024ರಲ್ಲಿ 61 ಲಕ್ಷ. ಒಂದೇ ಮಗುವಿನ ಕಾಲದಲ್ಲಿ ಹೆಣ್ಣುಮಕ್ಕಳು ಹುಟ್ಟಿದ್ದೇ ಕಡಿಮೆ. ಹಾಗಾಗಿ ಈಗ ಹೆರುವ ವಯಸ್ಸಿನವರೂ ಕಡಿಮೆ ಅನ್ನೋದು ಒಂದು ಕಾರಣ. ಅದೊಂದೇ ಅಲ್ಲ.

ಎರಡನೇ ಅರ್ಧ ಕೇಳಿದಾಗ ಮಾತ್ರ ನನಗೆ ಸಂಕಟವಾಗುತ್ತದೆ. ಸಂಸಾರ ಬೇಡವಾದವರನ್ನು ನಾನು ಅಲ್ಲಿ ನೋಡಲೇ ಇಲ್ಲ. ಸಂಸಾರದ ಭಾರ ಹೊತ್ತು ಸುಸ್ತಾದವರನ್ನು ನೋಡಿದೆ. ಅದನ್ನು ಹೇಳಬೇಕಾದರೆ ಪಕ್ಕದ ಮನೆಯ ಆಯಿಯಿಂದ ಶುರು ಮಾಡಬೇಕು.

ಚೀನೀ ಭಾಷೆಯಲ್ಲಿ ಅಮ್ಮನ ವಯಸ್ಸಿನ ಹೆಂಗಸರನ್ನು ‘ಆಯಿ’ ಎಂದು ಕರೆಯುತ್ತಾರೆ. ನಮ್ಮ ಮನೆಯಲ್ಲಿ ಅಮ್ಮನಿಗೇ ಆಯಿ ಅನ್ನೋದು. ಹೋದ ಹೊಸದರಲ್ಲಿ ಲಿಫ್ಟಿನಲ್ಲಿ ಅವರನ್ನು ಮೊದಲ ಸಲ ಆಯಿ ಎಂದು ಕರೆದಾಗ ನನ್ನ ಗಂಟಲು ಕಟ್ಟಿತ್ತು. ಅವರು ನಾನ್‌ಚೊಂಗ್‌ನವರು. ಅದು ರೇಷ್ಮೆಗೆ ಹೆಸರಾದ ಊರು. ಅಲ್ಲಿಯ ರೇಷ್ಮೆ ಕಾರ್ಖಾನೆಯಲ್ಲಿ ದುಡಿದವರು. ಮಗಳ ಮಗುವನ್ನು ನೋಡಿಕೊಳ್ಳಲು ಚೆಂಗ್ದುವಿಗೆ ಬಂದಿದ್ದರು. ಗಂಡ ಊರಲ್ಲೇ ಉಳಿದಿದ್ದರು. ಬರುವಾಗ ಎರಡು ಬಟ್ಟೆ ಚೀಲ, ಒಂದು ಉಪ್ಪಿನಕಾಯಿ ಜಾಡಿ ತಂದಿದ್ದರಂತೆ.

ಆ ಜಾಡಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಂದು ಮಣ್ಣಿನದು, ಹೊಟ್ಟೆ ದಪ್ಪ. ಕತ್ತಿನ ಸುತ್ತ ತಟ್ಟೆಯ ಹಾಗೆ ಎದ್ದ ಅಂಚು. ಆ ಅಂಚಿನಲ್ಲಿ ನೀರು ತುಂಬಿ, ಅದರಲ್ಲಿ ಮುಳುಗುವ ಹಾಗೆ ಮುಚ್ಚಳ ಕವುಚುತ್ತಾರೆ. ಒಳಗಿನ ಗಾಳಿ ಗುಳುಗುಳು ಎಂದು ಹೊರಗೆ ಬರುತ್ತದೆ, ಹೊರಗಿನದು ಒಳಗೆ ಹೋಗುವುದಿಲ್ಲ. ಒಳಗೆ ಉಪ್ಪುನೀರು, ಮೂಲಂಗಿ, ಅಲಸಂದೆ ಕಾಯಿ, ಶುಂಠಿ, ಕೆಂಪು ಮೆಣಸಿನಕಾಯಿ. ಉಪ್ಪುನೀರನ್ನು ಚೆಲ್ಲುವುದಿಲ್ಲ. ನಾವು ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ ಅದನ್ನು ವರ್ಷಗಟ್ಟಲೆ ಉಳಿಸಿಕೊಂಡು, ಹೊಸ ತರಕಾರಿ ಮಾತ್ರ ಹಾಕುತ್ತಾ ಹೋಗುತ್ತಾರೆ. ಅಂಚಿನ ನೀರು ಆರಿದರೆ ಮುಗಿಯಿತು, ಜಾಡಿಯೆಲ್ಲ ಕೆಡುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಆಯಿ ನೋಡುತ್ತಿದ್ದದ್ದು ಆ ನೀರನ್ನು. ಆಮೇಲೆ ಗಂಜಿಗೆ ಇಟ್ಟು, ಮಗುವನ್ನು ಎಬ್ಬಿಸಿ, ತಲೆ ಬಾಚಿ, ಮಗಳು ಅಳಿಯ ಆಫೀಸಿಗೆ ಹೊರಟ ಮೇಲೆ ಶಿಶುವಿಹಾರಕ್ಕೆ ಬಿಟ್ಟು, ಅಲ್ಲಿಂದ ಹಾಗೇ ತರಕಾರಿ ಮಾರುಕಟ್ಟೆಗೆ.

ನನ್ನ ಮಗನೂ ಅದೇ ಶಿಶುವಿಹಾರಕ್ಕೆ ಹೋಗುತ್ತಿದ್ದ. ಸಂಜೆ ಗೇಟಿನ ಮುಂದೆ ನಿಂತರೆ ಸುತ್ತಲೂ ಅಜ್ಜ ಅಜ್ಜಿಯರೇ. ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು, ಬೆನ್ನು ಒರೆಸಲು ಟವೆಲ್ಲು. ಮಗುವಿನ ಅಮ್ಮ ಅಂತ ನಿಂತವಳು ಎಷ್ಟೋ ದಿನ ನಾನೊಬ್ಬಳೇ. ಹೀಗೆ ಮೊಮ್ಮಕ್ಕಳಿಗಾಗಿ ಊರು ಬಿಟ್ಟು ನಗರಕ್ಕೆ ಬಂದ ಹಿರಿಯರಿಗೆ ಅಲ್ಲಿ ‘ಲಾವ್‌ಪ್ಯಾವ್’ ಎಂಬ ಹೆಸರೇ ಇದೆ. ತೇಲಾಡುವ ಮುದುಕರು ಅಂತ ಅರ್ಥ. ಗಂಡ ಒಂದು ಊರಲ್ಲಿ, ಹೆಂಡತಿ ಒಂದು ಊರಲ್ಲಿ. ನಲವತ್ತು ವರ್ಷ ಜೊತೆಗಿದ್ದವರು ಕೊನೆಗಾಲದಲ್ಲಿ ಫೋನಿನಲ್ಲಿ ಸಂಸಾರ ಮಾಡುತ್ತಾರೆ.

ಇಲ್ಲಿ ದೊಡ್ಡ ಬದಲಾವಣೆಯೊಂದು ಇದೆ. ಆಯಿ ಬಂದದ್ದು ಮಗಳ ಮನೆಗೆ. ನಮ್ಮಲ್ಲಿ ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತೇವೆ. ಅವರ ಗಾದೆ ಇನ್ನೂ ಖಾರ: ಮದುವೆಯಾಗಿ ಹೋದ ಮಗಳು ಚೆಲ್ಲಿದ ನೀರು. ತಾಯಿಯ ತಾಯಿಯನ್ನು ಅವರು ‘ವೈಪೊ’ ಎನ್ನುತ್ತಾರೆ. ‘ವೈ’ ಅಂದರೆ ಹೊರಗಿನ. ಹೊರಗಿನ ಅಜ್ಜಿ! ಬಾಣಂತನ ಕೂಡ ಗಂಡನ ಮನೆಯಲ್ಲೇ ನಡೆಯುತ್ತಿತ್ತು. ಅದಕ್ಕೆ ಅವರು ‘ತಿಂಗಳು ಕೂರೋದು’ ಅನ್ನುತ್ತಾರೆ. ತಣ್ಣೀರು ಮುಟ್ಟಬಾರದು, ಗಾಳಿಗೆ ಹೋಗಬಾರದು, ಇಷ್ಟೆಲ್ಲ ನಮ್ಮ ಹಾಗೇ. ಆದರೆ ಪಕ್ಕದಲ್ಲಿರುವವಳು ಅಮ್ಮ ಅಲ್ಲ, ಅತ್ತೆ. ನಮ್ಮ ಹಾಗೆ ತವರಿಗೆ ಹೋಗುವ ಪದ್ಧತಿ ಇರಲಿಲ್ಲ. ಇದನ್ನು ಕೇಳಿದಾಗ ನನಗೆ ಬಹಳ ಪಾಪ ಅನಿಸಿತ್ತು.

ಒಂದೇ ಮಗುವಿನ ನಿಯಮ ಇದನ್ನು ತಲೆಕೆಳಗು ಮಾಡಿತು. ಚೆಂಗ್ದು ಇರುವ ಸಿಚುವಾನ್ ಪ್ರಾಂತ್ಯದಲ್ಲಿ ಆ ನಿಯಮ ಬಹಳ ಬಿಗಿ ಇತ್ತು. ಎಷ್ಟೋ ಪ್ರಾಂತ್ಯಗಳ ಹಳ್ಳಿಗಳಲ್ಲಿ ಮೊದಲನೆಯದು ಹೆಣ್ಣಾದರೆ ಇನ್ನೊಂದಕ್ಕೆ ಅವಕಾಶ ಇತ್ತು, ಇಲ್ಲಿ ಅದೂ ಇರಲಿಲ್ಲ. ಗಂಡು ಬೇಕೆಂದು ಹೆಣ್ಣು ಭ್ರೂಣ ತೆಗೆಸಿದವರು ಲೆಕ್ಕವಿಲ್ಲದಷ್ಟು ಜನ. 2020ರ ಜನಗಣತಿಯಲ್ಲಿ ಹೆಂಗಸರಿಗಿಂತ ಗಂಡಸರು ಸುಮಾರು 3 ಕೋಟಿ 49 ಲಕ್ಷ ಜಾಸ್ತಿ ಇದ್ದರು. ಆ ಪಾಪ ಚಿಕ್ಕದಲ್ಲ. ಆದರೆ ಹೆಣ್ಣು ಮಗುವನ್ನು ಉಳಿಸಿಕೊಂಡ ಮನೆಗಳಲ್ಲಿ, ಇದ್ದ ಒಬ್ಬ ಮಗಳೇ ಸರ್ವಸ್ವ ಆದಳು. ಓದಿಸಿದರು, ಮನೆ ಕೊಡಿಸಿದರು. ಅವಳನ್ನು ‘ಚೆಲ್ಲಿದ ನೀರು’ ಅನ್ನಲು ಯಾವ ಅಪ್ಪ ಅಮ್ಮನಿಗೂ ಧೈರ್ಯ ಉಳಿಯಲಿಲ್ಲ. ಅವಳು ಹೆತ್ತಾಗ ಹೊರಗಿನ ಅಜ್ಜಿ ಜಾಡಿ ಹಿಡಿದುಕೊಂಡು ಒಳಗೆ ಬಂದಳು. ಅಲ್ಲಿ ಜನ ಹೇಳುವ ಒಂದು ಪದ್ಯವಿದೆ. ಅಮ್ಮ ಹೆರುತ್ತಾಳೆ, ಅಮ್ಮನ ಅಮ್ಮ ಸಾಕುತ್ತಾಳೆ, ಅಪ್ಪ ಮನೆಗೆ ಬಂದು ಇಂಟರ್ನೆಟ್ಟಿಗೆ ಕೂರುತ್ತಾನೆ, ಅಪ್ಪನ ಅಪ್ಪ ಅಮ್ಮ ಬಂದು ನೋಡಿ ಆನಂದಪಡುತ್ತಾರೆ. ಆಯಿ ಅದನ್ನು ನನಗೆ ಹೇಳಿಕೊಟ್ಟಾಗ ಇಬ್ಬರೂ ನಕ್ಕೆವು. ಆಮೇಲೆ ಅವರು ಅಲಸಂದೆ ನಾರು ತೆಗೆಯುತ್ತಾ ತುಂಬಾ ಹೊತ್ತು ಸುಮ್ಮನಿದ್ದರು.

ಪೂರ್ವದ ಜಿಯಾಂಗ್ಸು, ಝೆಜಿಯಾಂಗ್ ಪ್ರಾಂತ್ಯಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ‘ಎರಡು ತಲೆಯ ಮದುವೆ’ ಅಂತ. ಹುಡುಗ ಹುಡುಗಿ ಇಬ್ಬರೂ ಒಬ್ಬೊಬ್ಬರೇ ಮಕ್ಕಳು. ಹೆಣ್ಣಿನ ಕಡೆಗೆ ತೆರ ಕೊಡುವುದಿಲ್ಲ, ವರದಕ್ಷಿಣೆಯೂ ಇಲ್ಲ. ಎರಡೂ ಮನೆಗಳಲ್ಲಿ ಓಡಾಡಿಕೊಂಡು ಇರುತ್ತಾರೆ. ಎರಡು ಮಕ್ಕಳಾದರೆ ಒಂದಕ್ಕೆ ಅಪ್ಪನ ಮನೆತನದ ಹೆಸರು, ಇನ್ನೊಂದಕ್ಕೆ ಅಮ್ಮನದು.

ಆಯಿ ತಮ್ಮ ಮಗಳನ್ನು ಬೆಳೆಸಿದ್ದು ಹೇಗೆ ಎಂದು ಒಮ್ಮೆ ಕೇಳಿದೆ. "ಕಾರ್ಖಾನೇಲೇ ಶಿಶುಪಾಲನಾ ಕೇಂದ್ರ ಇತ್ತು" ಅಂದರು. ಹಾಲೂಡಿಸಲು ಪಾಳಿಯ ನಡುವೆ ಓಡಿ ಹೋಗುತ್ತಿದ್ದರಂತೆ. ಆಗ ಸರ್ಕಾರಿ ಕಾರ್ಖಾನೆ ಅಂದರೆ ಸಂಬಳ ಮಾತ್ರ ಅಲ್ಲ, ಮನೆ, ಆಸ್ಪತ್ರೆ, ಮಕ್ಕಳ ಆರೈಕೆ ಎಲ್ಲವೂ. ತೊಂಬತ್ತರ ದಶಕದಲ್ಲಿ ಕಾರ್ಖಾನೆಗಳು ಮುಚ್ಚಿದವು, ಉಳಿದವು ಖರ್ಚು ಕಡಿಮೆ ಮಾಡಿದವು. ಆ ಕೇಂದ್ರಗಳೂ ಹೋದವು. ಶಿಶುವಿಹಾರಕ್ಕೆ ಸೇರಿಸೋದು ಸಾಮಾನ್ಯವಾಗಿ ಮೂರು ವರ್ಷ ತುಂಬಿದ ಮೇಲೆ. ಅಲ್ಲಿಯ ತನಕ ಮಗುವನ್ನು ಯಾರು ನೋಡಬೇಕು? ಆ ಜಾಗಕ್ಕೆ ಅಜ್ಜಿ ಬಂದಳು, ಸಂಬಳ ಇಲ್ಲದೆ.

ಅಜ್ಜಿ ಬರಲು ಸಾಧ್ಯವಾದದ್ದಕ್ಕೂ ಒಂದು ಕಾರಣ ಇದೆ. ಯಾರೂ ಇದನ್ನು ಹೇಳುವುದಿಲ್ಲ. ಕಾರ್ಖಾನೆಯ ಹೆಂಗಸರಿಗೆ ಅಲ್ಲಿ 50 ವರ್ಷಕ್ಕೇ ನಿವೃತ್ತಿ ಇತ್ತು, ಆಫೀಸು ಕೆಲಸದವರಿಗೆ 55ಕ್ಕೆ. ಗಟ್ಟಿಮುಟ್ಟಾದ, ಪಿಂಚಣಿ ಬರುವ, ಕೈ ಬಿಡುವಿರುವ ಅಜ್ಜಿಯರ ಒಂದು ದೊಡ್ಡ ಪಡೆಯೇ ಸಿದ್ಧವಾಗಿತ್ತು. ಅವರ ಭುಜದ ಮೇಲೆ ನಗರಗಳ ಹೆಂಗಸರು ಕೆಲಸಕ್ಕೆ ಹೋದರು. 2025ರ ಜನವರಿಯಿಂದ ನಿವೃತ್ತಿ ವಯಸ್ಸು ಹಂತ ಹಂತವಾಗಿ ಏರುತ್ತಿದೆ. ಹದಿನೈದು ವರ್ಷದಲ್ಲಿ 50 ಇದ್ದದ್ದು 55, 55 ಇದ್ದದ್ದು 58 ಆಗುತ್ತದೆ. ಪಿಂಚಣಿಯ ಲೆಕ್ಕದಲ್ಲಿ ಅದು ಬೇಕಾದದ್ದೇ ಇರಬಹುದು. ಆದರೆ ಅಷ್ಟು ವರ್ಷ ಅಜ್ಜಿಯ ಕೈಯನ್ನು ತೊಟ್ಟಿಲಿನಿಂದ ತೆಗೆದ ಹಾಗೆ ಆಯಿತಲ್ವಾ?

"ಗಂಡಸರು ಏನು ಮಾಡ್ತಾರೆ?" ಅಂತಲೂ ಕೇಳುತ್ತಾರೆ. ಚೆಂಗ್ದು ಗಂಡಸರು ಅಡುಗೆ ಮಾಡುವುದರಲ್ಲಿ ಇಡೀ ದೇಶಕ್ಕೆ ಹೆಸರುವಾಸಿ. ಹೆಂಡತಿ ಮಾತು ಕೇಳುವವರಿಗೆ ಅಲ್ಲಿ ‘ಪಾ ಅರ್‌ದುವೊ’ ಅನ್ನುತ್ತಾರೆ, ಮೆತ್ತಗಿನ ಕಿವಿಯವರು ಅಂತ. ಹಿಂದೆ ಸೈಕಲ್ಲಿಗೆ ಪಕ್ಕದಲ್ಲಿ ಒಂದು ಸೀಟು ಸೇರಿಸಿ ಹೆಂಡತಿಯನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಆ ಸೈಕಲ್ಲಿಗೂ ಅದೇ ಹೆಸರು. ಆಯಿಯ ಅಳಿಯನೂ ಒಳ್ಳೆಯ ಹುಡುಗ. ಭಾನುವಾರ ಮೀನಿನ ಸಾರು ಅವನದೇ. ಆದರೆ ಮಗುವಿನ ಲಸಿಕೆ ಯಾವಾಗ, ಅವಳ ಶೂ ಸೈಜ್ ಎಷ್ಟು, ಟೀಚರ್ ಏನು ಹೇಳಿದರು ಅಂತ ಕೇಳಿದರೆ ಹೆಂಡತಿಯ ಮುಖ ನೋಡುತ್ತಿದ್ದ. ವೀಚಾಟ್‌ನಲ್ಲಿ ಶಾಲೆಯ ಪಾಲಕರ ಗುಂಪು ಇರುತ್ತದೆ, ನಮ್ಮ ವಾಟ್ಸಾಪ್ ಗುಂಪಿನ ಹಾಗೆ. ಟೀಚರ್ ಸಂದೇಶ ಹಾಕಿದ ಕೂಡಲೇ ‘ಶೌದಾವ್’, ಅಂದರೆ ‘ತಲುಪಿತು’, ಎಂದು ಒಬ್ಬೊಬ್ಬರೂ ಉತ್ತರ ಕೊಡಬೇಕು. ನಾನು ನೋಡಿದ ಮಟ್ಟಿಗೆ ಅಲ್ಲಿ ಉತ್ತರ ಕೊಡುವವರು ಅಮ್ಮಂದಿರೇ. ಗಂಡ ಇದ್ದೂ ಒಬ್ಬಳೇ ಮಗು ಸಾಕುವುದಕ್ಕೆ ಅವರು ‘ವಿಧವೆಯ ಹಾಗೆ ಮಗು ಬೆಳೆಸೋದು’ ಎನ್ನುತ್ತಾರೆ. ಆ ಮಾತು ಈಗ ಮನೆಮಾತು.

2021ರ ಫೆಬ್ರವರಿಯಲ್ಲಿ ಒಂದು ಸುದ್ದಿ ಬಂತು. ಬೀಜಿಂಗಿನ ಒಂದು ನ್ಯಾಯಾಲಯ, ವಿಚ್ಛೇದನವಾದ ಹೆಂಡತಿಗೆ ಐದು ವರ್ಷದ ಮನೆಗೆಲಸಕ್ಕೆ ಪರಿಹಾರವಾಗಿ 50,000 ಯುವಾನ್ ಕೊಡಬೇಕೆಂದು ಗಂಡನಿಗೆ ಹೇಳಿತು. ಅದೇ ವರ್ಷ ಜಾರಿಗೆ ಬಂದ ಹೊಸ ನಾಗರಿಕ ಸಂಹಿತೆಯ ಪ್ರಕಾರ ಬಂದ ತೀರ್ಪು. ನಮ್ಮ ಇಡೀ ಅಪಾರ್ಟ್‌ಮೆಂಟಿನಲ್ಲಿ ಅದೇ ಮಾತು. ಆಯಿಯ ಮಗಳು ಫೋನಿನಲ್ಲೇ ಭಾಗಾಕಾರ ಮಾಡಿ ತೋರಿಸಿದಳು. ತಿಂಗಳಿಗೆ 833 ಯುವಾನ್. ಬಾಣಂತಿ ನೋಡಿಕೊಳ್ಳಲು ಬರುವ ಹೆಂಗಸರಿಗೆ ಒಂದೇ ತಿಂಗಳಿಗೆ ಅದರ ಎಷ್ಟೋ ಪಟ್ಟು ಕೊಡಬೇಕು. "ಮತ್ತೆ ನಮ್ಮಮ್ಮನಿಗೆ ಎಷ್ಟು ಕೊಡಬೇಕು ನಾನು?" ಅಂದಳು.

ಇನ್ನೊಂದು ಮಗು ಬೇಡವಾ ಎಂದು ಅವಳನ್ನು ನಾನೇ ಕೇಳಿದ್ದೆ, ಮೂರು ಮಕ್ಕಳ ಸುದ್ದಿ ಬಂದ ವಾರ. ನನಗೂ ಎಲ್ಲರ ಹಾಗೆ ಕುತೂಹಲ. ಅವಳು ಆಫೀಸಿನ ಬ್ಯಾಗು ಇನ್ನೂ ಹೆಗಲಿನಿಂದ ಇಳಿಸಿರಲಿಲ್ಲ. ಒಳ್ಳೆಯ ಶಾಲೆಯ ಪಕ್ಕದ ಮನೆಗೆ ಎಷ್ಟು ಬೆಲೆ ಅಂತ ಹೇಳಬಹುದಿತ್ತು. ಕೆಲಸದ ಸಂದರ್ಶನದಲ್ಲಿ ‘ಮದುವೆಯಾಗಿದ್ಯಾ, ಮಕ್ಕಳ ಯೋಚನೆ ಇದೆಯಾ’ ಎಂದು ಕೇಳುವುದನ್ನು ಸರ್ಕಾರ 2019ರಲ್ಲಿ ನಿಷೇಧಿಸಿದರೂ ಹೇಗೆ ಸುತ್ತಿ ಬಳಸಿ ಕೇಳುತ್ತಾರೆ ಅಂತ ಹೇಳಬಹುದಿತ್ತು. ಅದೆಲ್ಲ ಬೇರೆ ದಿನಗಳಲ್ಲಿ ಹೇಳಿದ್ದಳು. ಆ ದಿನ ಹೇಳಿದ್ದು ಒಂದೇ ಮಾತು. "ನನಗೆ ಮಗು ಬೇಡ ಅಂತಲ್ಲ. ನನಗಿರೋದು ಒಬ್ಬಳೇ ಅಮ್ಮ."

ನಾನು ಎಲ್ಲರಿಗೂ ಕೊಡುವ ಉತ್ತರ ಅದೇ. ಅಮ್ಮ ಒಮ್ಮೆ ಕಾರ್ಖಾನೆಯಲ್ಲಿ ದುಡಿದು, ಮತ್ತೊಮ್ಮೆ ಮೊಮ್ಮಗಳಿಗೆ ದುಡಿದು ಸವೆಯುವುದನ್ನು ಅವಳು ದಿನಾ ನೋಡುತ್ತಿದ್ದಳು. ಇನ್ನೊಂದು ಮಗು ಅಂದರೆ ಮತ್ತೆ ಆರೇಳು ವರ್ಷ ಅಮ್ಮನನ್ನು ಅಪ್ಪನಿಂದ ದೂರ ಇಡಬೇಕು. ಹಾಗೆ ಕೇಳಲು ಅವಳಿಗೆ ಬಾಯಿ ಬರಲಿಲ್ಲ. ತಾನು ಮುದುಕಿಯಾದಾಗ ತನ್ನ ಮಗಳಿಗಾಗಿ ಹೀಗೇ ಊರು ಬಿಡಬೇಕಾ ಎಂಬ ಯೋಚನೆಯೂ ಇತ್ತು. ಇದನ್ನು ಸ್ವಾರ್ಥ ಅನ್ನಲು ನನಗೆ ಆಗುವುದಿಲ್ಲ. 2025ರಲ್ಲಿ ಸರ್ಕಾರ ಮೂರು ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 3,600 ಯುವಾನ್ ಕೊಡುವುದಾಗಿ ಹೇಳಿತು. ಕೊಡಲಿ, ಒಳ್ಳೆಯದೇ. ಆದರೆ ತಿಂಗಳಿಗೆ 300 ಯುವಾನ್‌ಗೆ ಆಯಿಯ ಒಂದು ಬೆಳಿಗ್ಗೆಯೂ ಬರುವುದಿಲ್ಲ.

ಕರುಳಿನ ಸಂಬಂಧ ಅಲ್ಲಿ ಸಡಿಲವಾಗಿದೆ ಅಂತ ಹೇಳುವವರಿಗೆ 2008ರ ಮೇ 12ರ ಭೂಕಂಪವನ್ನು ನೆನಪು ಮಾಡುತ್ತೇನೆ. ಚೆಂಗ್ದುವಿನ ಪಕ್ಕದ ಊರುಗಳಲ್ಲಿ ಶಾಲೆಗಳು ಕುಸಿದು ಸಾವಿರಾರು ಮಕ್ಕಳು ಹೋದರು. ಎಷ್ಟೋ ಮನೆಗಳಿಗೆ ಅದು ಇದ್ದ ಒಂದೇ ಮಗು. ಆ ಬಗ್ಗೆ ಆಯಿ ನನ್ನ ಹತ್ತಿರ ಒಂದು ಸಲವೂ ಮಾತಾಡಲಿಲ್ಲ. ಮೊಮ್ಮಗಳ ಶಾಲೆಯ ಗೇಟಿಗೆ ಮಾತ್ರ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲುತ್ತಿದ್ದರು.

ನಾವು 2022ರಲ್ಲಿ ಹೊರಟು ಬಂದೆವು. ಮರುವರ್ಷ ಊರಲ್ಲಿ ಆಯಿಯ ಗಂಡ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಯಿ ಹೋಗಲೇಬೇಕಾಯಿತು. ಜಾಡಿಯನ್ನು ಮಗಳ ಮನೆಯಲ್ಲೇ ಬಿಟ್ಟರು. ಮಗುವಿಗೆ ಆ ಮೂಲಂಗಿ ಇಲ್ಲದೆ ಗಂಜಿ ಇಳಿಯುವುದಿಲ್ಲ.

ಕಳೆದ ವಸಂತ ಹಬ್ಬಕ್ಕೆ, ಅಂದರೆ ಅವರ ಹೊಸ ವರ್ಷಕ್ಕೆ, ವಿಡಿಯೋ ಕಾಲ್ ಮಾಡಿದ್ದೆ. ಮಗಳು ಆಫೀಸು ಮುಗಿಸಿ ಇನ್ನೂ ಬಂದಿರಲಿಲ್ಲ, ಫೋನು ಎತ್ತಿದ್ದು ಅಳಿಯ. ಹುಡುಗಿ ಅಪ್ಪನ ಕೈಯಿಂದ ಫೋನು ಕಸಿದು ಮನೆಯನ್ನೆಲ್ಲ ತೋರಿಸಿದಳು. ಬಾಲ್ಕನಿಯಲ್ಲಿ ಒಣಗಲು ಕಟ್ಟಿದ ಸಾಸೇಜಿನ ಸಾಲು, ಅಡುಗೆ ಮನೆ, ಮೂಲೆಯಲ್ಲಿ ಅದೇ ಜಾಡಿ. ಅವಳು ನಾನ್‌ಚೊಂಗ್‌ನಲ್ಲಿದ್ದ ಆಯಿಯನ್ನೂ ಕಾಲ್‌ಗೆ ಸೇರಿಸಿದಳು. ನನ್ನನ್ನು ನೋಡಿ ಆಯಿ ಎರಡು ನಿಮಿಷ ಕುಶಲ ಕೇಳಿದರು, ಅಷ್ಟೇ. ಆಮೇಲೆ ಅವರ ಕಣ್ಣು ಜಾಡಿಯ ಕಡೆ ಹೋಯಿತು. "ನೀರು ಕೆಳಗಿಳಿದಿದೆ, ಯಾರೂ ನೋಡಲ್ವಾ?" ಎಂದು ಜೋರು ಮಾಡಿದರು. ಅಳಿಯ ಒಲೆಯ ಹತ್ತಿರದಿಂದ ಬಂದು, ಕೈ ಒರೆಸಿಕೊಂಡು, ಜಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಸಣ್ಣ ಸೌಟಿನಲ್ಲಿ ಅಂಚಿಗೆ ಸುತ್ತಲೂ ನೀರು ಹಾಕಿದ. ಅಲ್ಲಿ ಅಳಿಯ ಅತ್ತೆಯನ್ನು ಅಮ್ಮ ಅಂತಲೇ ಕರೆಯುವುದು.

"ಅಮ್ಮಾ, ಇಷ್ಟು ಸಾಕಾ?"

"ಇನ್ನೊಂದು ಸೌಟು" ಅಂದರು ಆಯಿ.