ಗೋದಲಿ, ಗಾಣ, ಗೋರಿ: ಉತ್ತರ ಸಿರಿಯಾದ ಪಾಳುಹಳ್ಳಿಗಳನ್ನು ಓದುವ ಬಗೆ

ಅಲೆಪ್ಪೊ, ಇದ್ಲಿಬ್ ಸುತ್ತಲಿನ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಸುಮಾರು 700 ಪಾಳು ನೆಲೆಗಳಿವೆ. ಇವಕ್ಕೆ ‘ಸತ್ತ ನಗರಗಳು’ ಎಂಬ ಹೆಸರು ಅಂಟಿಕೊಂಡಿದೆ. ಆ ಹೆಸರೇ ದಾರಿ ತಪ್ಪಿಸುತ್ತದೆ. ಇವು ನಗರಗಳಲ್ಲ, ರೈತರ ಹಳ್ಳಿಗಳು. ಅಳೆದು ಹಾಕಿದ ಬೀದಿಯಿಲ್ಲ, ರಂಗಮಂದಿರವಿಲ್ಲ. ಕ್ರಿ.ಶ. 1ರಿಂದ 7ನೇ ಶತಮಾನದೊಳಗೆ ಬೆಳೆದ ಈ ಊರುಗಳಲ್ಲಿ 40ನ್ನು 8 ಗುಂಪುಗಳಾಗಿ ಮಾಡಿ 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿನ ಚಿತ್ರಗಳನ್ನೋ ನಕ್ಷೆಗಳನ್ನೋ ನೋಡುವವರು ಮೊದಲು ಚರ್ಚಿನ ಕಮಾನು ಹುಡುಕುತ್ತಾರೆ. ಅದಕ್ಕಿಂತ ಮನೆಯ ಕೆಳ ಅಂತಸ್ತು ನೋಡುವುದು ಒಳ್ಳೆಯದು. ಕೋಣೆಯನ್ನು ಅಡ್ಡಕ್ಕೆ ಸೀಳುವ ಕಲ್ಲುಕಂಬಗಳ ಸಾಲು, ಕಂಬ ಕಂಬದ ನಡುವೆ ಕೊರೆದ ಕಲ್ಲಿನ ತೊಟ್ಟಿ ಕಂಡರೆ ಅದು ಗೋದಲಿ. ಅಂದರೆ ಕೆಳಗೆ ದನಕರು, ಮೇಲೆ ಮನೆಮಂದಿ. ಸೆರ್ಜಿಲ್ಲಾ ಎಂಬ ಊರಿನ ಎರಡಂತಸ್ತಿನ ಮನೆಗಳ ಕಂಬಸಾಲು ನೋಡಿ ಶ್ರೀಮಂತರ ಬಂಗಲೆ ಎಂದುಕೊಂಡರೆ ಈ ಗೋದಲಿಯೇ ತಿದ್ದುತ್ತದೆ. ಪಡಸಾಲೆ ಸಾಮಾನ್ಯವಾಗಿ ದಕ್ಷಿಣಕ್ಕೆ, ಅಂಗಳದ ಕಡೆಗೆ. ಚಳಿಗಾಲದ ಬಿಸಿಲು ಬೀಳಲಿ ಎಂದು. ಗೋಡೆಯಲ್ಲಿ ಒಂದೇ ಮಟ್ಟದಲ್ಲಿ ಸಾಲಾಗಿ ಚೌಕ ಗೂಡುಗಳಿದ್ದರೆ ಅಲ್ಲಿ ತೊಲೆಗಳಿದ್ದವು, ಮೇಲೊಂದು ಮರದ ನೆಲವಿತ್ತು. ಗೋಡೆಯ ತಲೆ ತ್ರಿಕೋನವಾಗಿ ಏರಿದ್ದರೆ ಹೆಂಚಿನ ಇಳಿಜಾರು ಮಾಡು. ಮರವೆಲ್ಲ ಹೋಗಿ ಕಲ್ಲಷ್ಟೇ ಉಳಿದಿರುವುದರಿಂದ ಮನೆಗಳು ಎಲುಬುಗೂಡಿನಂತೆ ಕಾಣುತ್ತವೆ.

ಇನ್ನು ಗಾಣ. ಆಲಿವ್ ಎಣ್ಣೆ ತೆಗೆಯುವ ಕೋಣೆಯಲ್ಲಿ ನಾಲ್ಕು ವಸ್ತು ಹುಡುಕಬೇಕು. ಹಣ್ಣು ಜಜ್ಜುವ ತೊಟ್ಟಿ ಮತ್ತು ಉರುಳುಕಲ್ಲು. ಹಿಂಡುವ ತೊಲೆಯ ಒಂದು ತುದಿ ಸಿಕ್ಕಿಸುವ ಗೋಡೆಯ ಗೂಡು. ಅದರ ಮುಂದೆ, ಸುತ್ತ ತೋಡು ಕೊರೆದ ದುಂಡನೆಯ ಹಾಸುಗಲ್ಲು. ಜಜ್ಜಿದ ಹಣ್ಣು ತುಂಬಿದ ಬುಟ್ಟಿಗಳನ್ನು ಇದರ ಮೇಲೆ ಒಂದರ ಮೇಲೊಂದು ಪೇರಿಸುತ್ತಿದ್ದರು. ತೊಲೆಯ ಇನ್ನೊಂದು ತುದಿಗೆ ಭಾರದ ಗುಂಡುಕಲ್ಲು. ಹಿಂಡಿದ ರಸ ತೋಡಿನಲ್ಲಿ ಹರಿದು ಬಾನಿಗೆ ಇಳಿಯುತ್ತದೆ, ನೀರು ತಳಕ್ಕೆ ನಿಂತು ಎಣ್ಣೆ ಮೇಲೆ ತೇಲುತ್ತದೆ, ಅದನ್ನು ತೋಡಿಕೊಳ್ಳುವುದು.

ಎಡವುವುದು ಇಲ್ಲೇ. ತೊಲೆಯ ಗೂಡು, ಭಾರದ ಕಲ್ಲು ಇದ್ದ ಮಾತ್ರಕ್ಕೆ ಎಣ್ಣೆಗಾಣ ಎನ್ನುವ ಹಾಗಿಲ್ಲ. ತುಳಿದ ದ್ರಾಕ್ಷಿಯ ಚರಟ ಹಿಂಡಲೂ ಇದೇ ತೊಲೆ ಬೇಕು. ಜಜ್ಜುವ ಕಲ್ಲಿದ್ದರೆ ಎಣ್ಣೆ. ಅದಿಲ್ಲದೆ, ಪಕ್ಕದಲ್ಲಿ ಅಗಲವಾದ, ಆಳವಿಲ್ಲದ ತುಳಿಯುವ ಕಟ್ಟೆಯಿದ್ದರೆ ವೈನ್. ಈ ವ್ಯತ್ಯಾಸ ಸಣ್ಣದಲ್ಲ. 1950ರ ದಶಕದಲ್ಲಿ ಸಂಶೋಧಕ ಜಾರ್ಜ್ ಚಲೆಂಕೊ ಈ ಊರುಗಳೆಲ್ಲ ಆಲಿವ್ ಒಂದನ್ನೇ ನಂಬಿ ಏಳಿಗೆ ಕಂಡವು ಎಂದು ವಾದಿಸಿದರು. ಮುಂದೆ ಇನ್ನೊಬ್ಬ ಸಂಶೋಧಕ ಜಾರ್ಜ್ ತಾತ್ ಸಾವಿರಾರು ಕೋಣೆಗಳನ್ನು ಲೆಕ್ಕಹಾಕಿ ಧಾನ್ಯ, ದ್ರಾಕ್ಷಿ, ಜಾನುವಾರು ಎಲ್ಲ ಕೂಡಿದ ಬೇಸಾಯ ಎಂದರು. ಗೋದಲಿಗಳ ಸಂಖ್ಯೆ ನೋಡಿದರೆ ತಾತ್ ಅವರ ಮಾತೇ ಗಟ್ಟಿ ಎನಿಸುತ್ತದೆ.

ಬಾಗಿಲ ಮೇಲಿನ ಅಡ್ಡಗಲ್ಲಿನಲ್ಲಿ ಗ್ರೀಕ್ ಶಾಸನವಿದ್ದರೆ ವರ್ಷ ಸಿಗಬಹುದು. ಅಂಕಿಗಳೆಲ್ಲ ಅಕ್ಷರಗಳೇ: ಪ್ಸೈ ಎಂದರೆ 700, ಪೈ 80, ಡೆಲ್ಟಾ 4. ಸಿರಿಯಾದಲ್ಲಿ ಬಿಡಿಸ್ಥಾನವನ್ನು ಮೊದಲು ಬರೆಯುವುದೂ ಉಂಟು, ಗಾಬರಿಯಾಗಬೇಕಿಲ್ಲ. ಕಷ್ಟ ಇರುವುದು ಶಕೆಯಲ್ಲಿ, ಅಂದರೆ ವರ್ಷ ಎಣಿಸಲು ಎಲ್ಲಿಂದ ಶುರು ಮಾಡಿದರು ಎಂಬುದರಲ್ಲಿ. ಉತ್ತರದ ಊರುಗಳು ಅಂತಿಯೋಕ್ ನಗರದ ಶಕೆಯನ್ನು ಹಿಡಿದವು, ಅದು ಕ್ರಿ.ಪೂ. 49ರ ಶರತ್ಕಾಲದಲ್ಲಿ ಶುರು. ದಕ್ಷಿಣದಲ್ಲಿ ಅಪಮೇಯಾ ನಗರದ ಸೀಮೆಯವರು ಕ್ರಿ.ಪೂ. 312ರ ಸೆಲ್ಯೂಕಿಡ್ ಶಕೆಯನ್ನು ಹಿಡಿದರು. 784 ಎಂಬ ವರ್ಷ ಸೆಲ್ಯೂಕಿಡ್ ಲೆಕ್ಕದಲ್ಲಿ ಕ್ರಿ.ಶ. 472-473. ಅದನ್ನೇ ಅಂತಿಯೋಕ್ ಲೆಕ್ಕಕ್ಕೆ ಹಾಕಿದರೆ 735-736 ಆಗಿ, 263 ವರ್ಷ ಜಾರಿಹೋಗುತ್ತದೆ. ಊರು ಯಾವ ಸೀಮೆಯದು ಎಂದು ಗೊತ್ತುಮಾಡಿಕೊಳ್ಳದೆ ಕಳೆಯಲು ಹೋಗಬಾರದು.

ಚರ್ಚಿನಲ್ಲಿ ನಡುಹಜಾರದ ಮಧ್ಯೆ ಕುದುರೆ ಲಾಳದ ಆಕಾರದ ತಗ್ಗು ಕಟ್ಟೆ ಸಿಕ್ಕರೆ ಅದು ಬೇಮಾ. ಲಾಳದ ಬಾಯಿ ಪೂರ್ವಕ್ಕೆ. ಪಾದ್ರಿಗಳು ಅಲ್ಲಿ ಕೂತು ಗ್ರಂಥ ಓದುತ್ತಿದ್ದರು. ಮಣ್ಣು ಮುಚ್ಚಿದ್ದರೆ ಬಿದ್ದ ಕಲ್ಲಿನ ರಾಶಿಯಂತೆ ಕಾಣುತ್ತದೆ, ಎಷ್ಟೋ ಬಾರಿ ಗಮನಕ್ಕೇ ಬರುವುದಿಲ್ಲ. ಕಲ್ಬ್ ಲೋಜೆ ಎಂಬ ಊರಿನ ದೊಡ್ಡ ಚರ್ಚಿನಲ್ಲೂ ಇದೆ. ಪೂರ್ವದ ಅರ್ಧವೃತ್ತದ ಎರಡು ಪಕ್ಕದ ಕೋಣೆಗಳಲ್ಲಿ ಒಂದಕ್ಕೆ ಇಕ್ಕಟ್ಟಾದ ಬಾಗಿಲು, ಇನ್ನೊಂದಕ್ಕೆ ಅಗಲ ಕಮಾನು ಇದ್ದರೆ, ಕಮಾನಿನದು ಸಂತರ ಅಸ್ಥಿ ಇಟ್ಟ ಕೋಣೆ. ಅಸ್ಥಿಯ ಪೆಟ್ಟಿಗೆ ಪುಟ್ಟ ಕಲ್ಲಿನ ಶವಪೆಟ್ಟಿಗೆಯ ಹಾಗೆಯೇ ಇರುತ್ತದೆ. ಮುಚ್ಚಳದ ನಡುವೆ ಒಂದು ತೂತು, ಕೆಳಗೆ ಪಕ್ಕದಲ್ಲಿ ಇನ್ನೊಂದು. ಮೇಲಿನಿಂದ ಎಣ್ಣೆ ಹೊಯ್ದರೆ ಮೂಳೆ ಸವರಿಕೊಂಡು ಕೆಳಗಿನ ಬಟ್ಟಲಿಗೆ ತೊಟ್ಟಿಕ್ಕುತ್ತದೆ, ಭಕ್ತರು ಅದನ್ನು ಒಯ್ಯುತ್ತಾರೆ. ಗಾಣದ ಎಣ್ಣೆ ಕೊನೆಗೆ ಇಲ್ಲಿಗೂ ಬರುತ್ತಿತ್ತು!

ಗೋರಿಗಳಲ್ಲಿ ಅಲ್-ಬಾರಾ ಎಂಬ ಊರಿನ ಪಿರಮಿಡ್ ಮಾಡಿನವು ಹೆಸರಾದವು. ಹೆಚ್ಚಿನವು ಬಂಡೆಯಲ್ಲಿ ಕೊರೆದ ನೆಲದಡಿಯ ಕೋಣೆಗಳು. ಇವನ್ನು ನೀರಿನ ತೊಟ್ಟಿಯೊಂದಿಗೆ ಕಲಸಿಕೊಳ್ಳಬಾರದು: ತೊಟ್ಟಿಗೆ ಮೇಲಿನಿಂದ ಬಾಯಿ, ಒಳಗೆ ಗಾರೆ, ಗೋರಿಗೆ ಪಕ್ಕದಿಂದ ಮೆಟ್ಟಿಲು, ಒಳಗೋಡೆಯಲ್ಲಿ ಕಮಾನಿನ ಗೂಡುಗಳು.

ಊರುಗಳು ಒಂದೇ ದಿನ ಬರಿದಾಗಲಿಲ್ಲ. 6ನೇ ಶತಮಾನದ ನಡುವಿನ ಹೊತ್ತಿಗೆ ಹೊಸ ಮನೆ ಕಟ್ಟುವುದು ನಿಂತುಹೋಯಿತು. 540ರ ಪರ್ಷಿಯನ್ ದಾಳಿ, ಅದರ ಬೆನ್ನಿಗೇ ಪ್ಲೇಗ್. ಆದರೂ ದೆಹೆಸ್ ಎಂಬ ಹಳ್ಳಿಯ ಅಗೆತದಲ್ಲಿ ಸಿಕ್ಕ ನಾಣ್ಯ, ಮಡಕೆಗಳು ಇಸ್ಲಾಮಿನ ಆರಂಭದ ಶತಮಾನಗಳಲ್ಲೂ ಜನ ಅಲ್ಲಿ ಬಾಳಿದರೆಂದು ತೋರಿಸಿವೆ.

2013ರಲ್ಲಿ ಯುನೆಸ್ಕೊ ಈ ಊರುಗಳನ್ನು ಅಪಾಯದ ಪಟ್ಟಿಗೆ ಹಾಕಿತು. ಯುದ್ಧದಲ್ಲಿ ಮನೆ ಕಳೆದುಕೊಂಡ ಕುಟುಂಬಗಳು ಈ ಪಾಳುಗೋಡೆಗಳ ನಡುವೆಯೇ ಬಿಡಾರ ಹೂಡಿದವು, ಅವರನ್ನು ದೂರುವುದು ಸಲ್ಲದು. ಚಿತ್ರಗಳಲ್ಲಿ ಹಾನಿ ಗುರುತಿಸಬೇಕೆಂದರೆ ಬಣ್ಣ ನೋಡಿ. ಶತಮಾನಗಳ ಮಳೆಬಿಸಿಲು ಕಂಡ ಸುಣ್ಣಕಲ್ಲು ಬೂದಿಬಣ್ಣಕ್ಕೆ ತಿರುಗಿರುತ್ತದೆ. ಹೊಸದಾಗಿ ಒಡೆದ ಜಾಗ ಬೆಳ್ಳಗೆ ಹೊಳೆಯುತ್ತದೆ.