ಬ್ಲಾಕ್ ರಿಪೋರ್ಟಲ್ಲಿ 11 ಸಲ ಬಂದ ಹೆಸರು

ಹೈಸ್ಕೂಲ್ ಕಂಪ್ಯೂಟರ್ ಲ್ಯಾಬ್ ನೋಡ್ಕೊಳ್ಳೋಕೆ ಶುರು ಮಾಡಿ 9 ವರ್ಷ ಆಯ್ತು, ಆ ಶುಕ್ರವಾರದಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಅದಕ್ಕೆ ಮುಂಚೆ ಇಬ್ಬರು ಹುಡುಗರು ಲ್ಯಾಬಲ್ಲಿ ನೋಡಬಾರದ್ದು ನೋಡಿ ಸಿಕ್ಕಿಬಿದ್ದಿದ್ರು, ಪೇರೆಂಟ್ಸ್ ಮೀಟಿಂಗಲ್ಲಿ ಗಲಾಟೆ, ಸೋಮವಾರದೊಳಗೆ ಎಲ್ಲಾ ಬ್ಲಾಕ್ ಆಗಿರ್ಬೇಕು ಅಂತ ಮ್ಯಾನೇಜ್‌ಮೆಂಟಿಂದ ಫೋನು. ಇಂಟರ್ನೆಟ್ಟಿಗೆ ಕಾವಲಿರೋ ಫೈರ್‌ವಾಲಿನ ಲೈಸೆನ್ಸ್ ಮಾರ್ಚಲ್ಲೇ ಮುಗಿದಿತ್ತು, ರಿನ್ಯೂವಲ್ ಫೈಲು ಅವರ ಟೇಬಲ್ ಮೇಲೇ ಕೂತಿತ್ತು, ಹಾಗಾಗಿ ಯಾವ ಥರದ ಸೈಟ್ ಅಂತ ನೋಡಿ ತಡೆಯೋ ಕೆಟಗರಿ ಫಿಲ್ಟರ್ ಇಲ್ಲ, ಉಳಿದಿದ್ದು ಪದ ನೋಡಿ ತಡೆಯೋ ಕೀವರ್ಡ್ ಫಿಲ್ಟರ್ ಒಂದೇ. ಭಾನುವಾರ ಕೂತು 24 ಮಷೀನಿಗೂ ಸರ್ಟಿಫಿಕೇಟ್ ಹಾಕಿ, ಲಾಕ್ ಆಗಿ ಹೋಗೋ ವೆಬ್ ಪುಟಗಳನ್ನೂ ಬಿಚ್ಚಿ ನೋಡೋ ಎಸ್‌ಎಸ್‌ಎಲ್ ಇನ್‌ಸ್ಪೆಕ್ಷನ್ ಆನ್ ಮಾಡಿ, ತಡೀಬೇಕಾದ ಪದಗಳ ಲಿಸ್ಟ್ ತುಂಬಿದೆ. ಯಾರ ಲಾಗಿನ್ ಎಷ್ಟು ಸಲ ಬ್ಲಾಕ್ ಆಯ್ತು ಅಂತ ದಿನಾ ಸಂಜೆ ಎಚ್‌ಎಂಗೆ ಮೇಲ್ ಹೋಗೋ ಹಾಗೂ ಮಾಡ್ದೆ. ಇದನ್ನ ಯಾರೂ ಕೇಳಿರಲಿಲ್ಲ, ನಾನೇ ಮುಂದೆ ಬಿದ್ದು ಮಾಡಿದ್ದು.

ಗುರುವಾರದ ರಿಪೋರ್ಟಲ್ಲಿ ಹತ್ತನೇ ಕ್ಲಾಸಿನ ಹುಡುಗಿ ಹೆಸರು ಎಲ್ಲಕ್ಕಿಂತ ಮೇಲೆ. ಕೀವರ್ಡ್ 'ಸೆಕ್ಸುಯಲ್', 11 ಸಲ. ಶುಕ್ರವಾರ ಬೆಳಗ್ಗೆನೇ ಅವಳಪ್ಪನ್ನ ಕರೆಸಿದ್ರು. ಗ್ಯಾರೇಜಿಂದ ಹಾಗೇ ಎದ್ದು ಬಂದಿದ್ರು, ಕೈಯಲ್ಲಿ ಗ್ರೀಸು, ಕೂತ್ಕೊಳ್ಳಿ ಅಂದ್ರೂ ಕೂರಲಿಲ್ಲ. ಎಚ್‌ಎಂ ನನ್ನ ಕಡೆ ತಿರುಗಿ "ಇದು ಸರಿ ಇದ್ಯಲ್ರೀ?" ಅಂದ್ರು. ನಾನು "ಸಿಸ್ಟಮ್ಮೇ ತೆಗೆದಿರೋ ರಿಪೋರ್ಟ್ ಸರ್, ತಪ್ಪಿರಲ್ಲ" ಅಂದೆ. ಅವಳು ಹುಡುಕಿದ್ದರ ಪೂರ್ತಿ ವೆಬ್ ವಿಳಾಸ (ಯುಆರ್‌ಎಲ್) ನಾನು ತೆಗೆದು ನೋಡೇ ಇರಲಿಲ್ಲ. ನನ್ನ ಮಾತು ಕೇಳಿ ಅವರಪ್ಪ ಏನೂ ಬೈಲಿಲ್ಲ, ತಲೆ ತಗ್ಗಿಸಿ ನೆಲ ನೋಡ್ತಾ ನಿಂತ್ರು. ಹುಡುಗಿ ಬಿಕ್ಕುತ್ತಾ "ಹೈಡ್ರಾ ಸರ್, ಹೈಡ್ರಾ" ಅಂತಿದ್ಳು, ನನಗೂ ತಲೆಗೆ ಹೋಗ್ಲಿಲ್ಲ.

ಅಟೆಂಡೆನ್ಸಿಗೆ ಸೈನ್ ಹಾಕೋಕೆ ಬಂದ ಸೈನ್ಸ್ ಮೇಡಂ ಬಾಗಿಲಲ್ಲೇ ನಿಂತು "ಸರ್, ಹೈಡ್ರಾದ ಅಲೈಂಗಿಕ ಸಂತಾನೋತ್ಪತ್ತಿ ಅಸೈನ್‌ಮೆಂಟ್ ಕೊಟ್ಟಿದ್ದು ನಾನೇ" ಅಂದ್ರು. ಲ್ಯಾಬಿಗೆ ಓಡಿ, ಯಾರು ಏನು ಹುಡುಕಿದ್ರು ಅನ್ನೋ ಲಾಗ್ ತೆಗೆದೆ. 'ಎಸೆಕ್ಸುಯಲ್ ರಿಪ್ರೊಡಕ್ಷನ್ ಇನ್ ಹೈಡ್ರಾ'. ಹೈಡ್ರಾ ಅಂದ್ರೆ ನೀರಲ್ಲಿರೋ ಪುಟ್ಟ ಜೀವಿ. 'ಎಸೆಕ್ಸುಯಲ್' ಒಳಗೆ 'ಸೆಕ್ಸುಯಲ್' ಇದೆ, ಫಿಲ್ಟರ್ ಅಷ್ಟು ಅಕ್ಷರ ಕಂಡ್ರೆ ತಡೀತದೆ. ತಾನೇ ಏನೋ ತಪ್ಪು ಟೈಪ್ ಮಾಡ್ತಿದೀನಿ ಅಂತ ಪದ ಹಿಂದೆ ಮುಂದೆ ಮಾಡಿ 6 ನಿಮಿಷದಲ್ಲಿ 11 ಸಲ ಹುಡುಕಿದಾಳೆ ಮಗು. ವಾಪಸ್ ಹೋಗಿ ಅಪ್ಪ ಮಗಳಿಬ್ಬರ ಹತ್ರಾನೂ ಎಲ್ಲರೆದುರೇ ಕ್ಷಮೆ ಕೇಳ್ದೆ.

ಅವತ್ತೇ ಆ ಲಿಸ್ಟು, ಮೇಲು, ಎರಡೂ ತೆಗೆದೆ. ಈಗ ಕ್ಲೌಡ್‌ಫ್ಲೇರ್ ಕಂಪನಿಯ 1.1.1.3 ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡೋ ಸೇವೆ) ಇದೆ, ಫ್ರೀ, ಅಡಲ್ಟ್ ಸೈಟನ್ನೇ ತಡೀತದೆ, ಹುಡುಕೋ ಪದ ನೋಡಲ್ಲ. ಅಶ್ಲೀಲ ರಿಸಲ್ಟ್ ಮುಚ್ಚಿಡೋ ಗೂಗಲ್ ಸೇಫ್‌ಸರ್ಚ್ ಲಾಕ್ ಮಾಡಿದೀನಿ, ಯೂಟ್ಯೂಬ್ 'ಮಾಡರೇಟ್' ನಿರ್ಬಂಧದಲ್ಲಿದೆ. ಬ್ರೌಸರಲ್ಲಿ ಬೇರೆ ಡಿಎನ್‌ಎಸ್ ಬಳಸೋಕೆ ಬಿಡೋ 'ಸೆಕ್ಯೂರ್ ಡಿಎನ್‌ಎಸ್' ಆಫ್ ಮಾಡೋದು ಮರೀಬೇಡಿ, ಇಲ್ದಿದ್ರೆ ಇದೆಲ್ಲಾ ದಾಟಿ ಹೋಗ್ತಾರೆ. ಮೊಬೈಲ್ ಹಾಟ್‌ಸ್ಪಾಟನ್ನಂತೂ ಇದ್ಯಾವುದೂ ತಡೆಯಲ್ಲ, ಲ್ಯಾಬಲ್ಲಿ ಮಕ್ಕಳ ಬೆನ್ನ ಹಿಂದೆ ಓಡಾಡ್ತಿರಬೇಕು, ಅಷ್ಟೇ. ಓಪನ್ ಆಗದ ಸೈಟ್ ಬರೆಯೋಕೆ ಒಂದು ನೋಟ್‌ಬುಕ್ ಇಟ್ಟಿದೀನಿ, ಹೆಸರು ಬರೆಯೋ ಹಾಗಿಲ್ಲ.

ಮ್ಯಾನೇಜ್‌ಮೆಂಟ್ ಈಗಲೂ ಹೆಸರಿರೋ ರಿಪೋರ್ಟ್ ಕೇಳ್ತಾರೆ, ನಾನು ಕೊಡಲ್ಲ ಅಂದಿದೀನಿ. ಆ ಹುಡುಗಿ ಈಗ ಏನೇ ಹುಡುಕೋದಿದ್ರೂ ಮೊದಲು ಕೈ ಎತ್ತಿ "ಇದು ಟೈಪ್ ಮಾಡ್ಲಾ ಸರ್?" ಅಂತ ಕೇಳ್ತಾಳೆ.